ಬಂಡೆಯ ಗೂಳಿ, ಬಳ್ಳಿಯ ಬೇರು

ಇವತ್ತಿನ ಮಾತು ಪೋರ್ಚುಗಲ್ ದೇಶದ ಒಂದು ನದಿಕಣಿವೆಯನ್ನು ಕುರಿತದ್ದು. ನದಿಯ ಹೆಸರು ಕೋವಾ. ಸ್ಪೇನ್ ಗಡಿಯ ಹತ್ತಿರ ಹುಟ್ಟಿ, ದಕ್ಷಿಣದಿಂದ ಉತ್ತರಕ್ಕೆ ಹರಿದು, ಡೋರು ಎಂಬ ದೊಡ್ಡ ನದಿಯನ್ನು ಸೇರುತ್ತದೆ. ಸಂಗಮದ ಸಮೀಪ ಗುಡ್ಡದ ಮೇಲೊಂದು ಪಟ್ಟಣ. ಅದರ ಹೆಸರು ವಿಲಾ ನೋವಾ ದ ಫೋಜ್ ಕೋವಾ. ಈ ಪಟ್ಟಣದ ಸುತ್ತಮುತ್ತ ಎರಡು ವಿಶ್ವಪರಂಪರೆಯ ತಾಣಗಳು ಒಂದಕ್ಕೊಂದು ತಾಗಿಕೊಂಡಿವೆ. ಒಂದು, ಹಿಮಯುಗದ ಜನ ಬಂಡೆಗಳ ಮೇಲೆ ಕೆತ್ತಿದ ಪ್ರಾಣಿಚಿತ್ರಗಳು. ಇನ್ನೊಂದು, ಡೋರು ಸೀಮೆಯ ದ್ರಾಕ್ಷಿ ತೋಟಗಳು. ಹಾಗಾಗಿ ಇಲ್ಲಿಗೆ ಬಂದವರಿಗೆ ಒಂದೇ ದಿನದಲ್ಲಿ ಎರಡು ಅನುಭವ ಸಿಗುತ್ತದೆ. ಮೊದಲು ಮಾರ್ಗದರ್ಶಿಯ ಜೊತೆ ನದಿದಂಡೆಯಲ್ಲಿ ನಡೆದು ಕೆತ್ತನೆಗಳನ್ನು ನೋಡುವುದು. ಆಮೇಲೆ ತೋಟವೊಂದರಲ್ಲಿ ಕುಳಿತು ಅಲ್ಲಿನ ವೈನಿನ ರುಚಿ ನೋಡುವುದು. ಇದನ್ನು ಕೇಳಿದವರಿಗೆ ಒಂದು ಅನುಮಾನ ಬರುವುದು ಸಹಜ. ಇಪ್ಪತ್ತು ಸಾವಿರ ವರ್ಷ ಹಳೆಯ ಕಲೆಗೂ ಲೋಟದ ವೈನಿಗೂ ಏನು ಸಂಬಂಧ? ಪ್ರವಾಸಿಗಳನ್ನು ಸೆಳೆಯಲು ಯಾರೋ ಗಂಟು ಹಾಕಿದ್ದಲ್ಲವೇ? ನನ್ನ ವಾದ ಬೇರೆ. ಕೋವಾ ಕಣಿವೆಯಲ್ಲಿ ಇವೆರಡನ್ನೂ ಒಟ್ಟಿಗೆ ನೋಡಿದರೇ ಎರಡೂ ಅರ್ಥವಾಗುತ್ತವೆ. ಬಯಲಲ್ಲಿರುವ ಪ್ರಾಚೀನ ಕಲೆ ಉಳಿಯಬೇಕಾದರೆ ಅದರ ಸುತ್ತ ಬದುಕು ನಡೆಯುತ್ತಿರಬೇಕು. ಈ ಕಣಿವೆಯಲ್ಲಿ ಆ ಬದುಕನ್ನು ಹೊತ್ತು ನಿಂತಿರುವುದು ದ್ರಾಕ್ಷಿ. ಅದು ಹೇಗೆ ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ಕೆತ್ತನೆಗಳ ವಿಚಾರ. ಹಿಮಯುಗದ ಕಲೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಕತ್ತಲ ಗುಹೆಗಳು. ಫ್ರಾನ್ಸಿನ ಲಾಸ್ಕೋ, ಸ್ಪೇನಿನ ಅಲ್ತಮೀರಾ. ಕೋವಾ ಹಾಗಲ್ಲ. ಇಲ್ಲಿ ಗುಹೆಯಿಲ್ಲ, ಬಣ್ಣವೂ ಇಲ್ಲವೆನ್ನುವಷ್ಟು ಕಡಿಮೆ. ತೆರೆದ ಆಕಾಶದ ಕೆಳಗೆ, ನದಿಯ ಇಕ್ಕೆಲದಲ್ಲಿ, ಗೋಡೆಯಂತೆ ನೆಟ್ಟಗೆ ನಿಂತ ಬಂಡೆಗಳಿವೆ. ಆ ಕಲ್ಲಿಗೆ ಶಿಸ್ಟ್ ಎನ್ನುತ್ತಾರೆ. ಕಂದು ಬೂದು ಬಣ್ಣದ, ಪದರ ಪದರವಾಗಿ ಸೀಳುವ ಕಲ್ಲು. ಅದರ ನಯವಾದ ಮುಖದ ಮೇಲೆ ಬೆಣಚುಕಲ್ಲಿನಂಥ ಗಟ್ಟಿ ಕಲ್ಲಿನಿಂದ ಕುಟ್ಟಿ, ಗೀರಿ, ಉಜ್ಜಿ ಚಿತ್ರ ಮೂಡಿಸಿದ್ದಾರೆ. ನದಿಯ ಕೊನೆಯ ಹದಿನೇಳು ಕಿಲೋಮೀಟರ್ ಉದ್ದಕ್ಕೂ ಇಂಥ ಬಂಡೆಗಳು ಹರಡಿವೆ. ಚಿತ್ರಗಳ ಲೆಕ್ಕ ಸಾವಿರಗಳಲ್ಲಿ. ಅವುಗಳಲ್ಲಿ ನಾಲ್ಕು ಪ್ರಾಣಿಗಳು ಮತ್ತೆ ಮತ್ತೆ ಬರುತ್ತವೆ. ಕುದುರೆ, ಕಾಡುಮೇಕೆ, ಕೆಂಪುಜಿಂಕೆ, ಮತ್ತು ಆರಾಕ್ಸ್ ಎಂಬ ದೈತ್ಯ ಕಾಡುಗೂಳಿ. ಈ ಕಾಡುಗೂಳಿ ಈಗ ಭೂಮಿಯ ಮೇಲಿಲ್ಲ. ಸಾಕಿದ ದನಗಳಾಗಿ ಮಾತ್ರ ಅದರ ರಕ್ತ ಉಳಿದಿದೆ. ಕಣಿವೆಯ ಫಾರಿಸೇವು ಎಂಬಲ್ಲಿ ಮೂರೂವರೆ ಮೀಟರ್ ಉದ್ದದ ಒಂದು ಕಾಡುಗೂಳಿಯ ಕೆತ್ತನೆ 2020ರಲ್ಲಿ ಮಣ್ಣಿನಡಿಯಿಂದ ಬೆಳಕಿಗೆ ಬಂತು. ಕೇಳುಗರೇ, ಆ ಉದ್ದವನ್ನು ನಿಮ್ಮ ಮನೆಯ ಗೋಡೆಯ ಮೇಲೆ ಒಮ್ಮೆ ಅಳೆದುಕೊಳ್ಳಿ. ಹೊತ್ತು ಕಳೆಯಲು ಗೀಚಿದ ಗೀಟಲ್ಲ ಅದು. ಯೋಚಿಸಿ, ಅಳತೆ ಹಿಡಿದು ಮಾಡಿದ ಕೆಲಸ.

ಈ ಚಿತ್ರಗಳ ಇನ್ನೊಂದು ಗುಣವನ್ನು ಹೇಳಲೇಬೇಕು. ಇವು ಚಲನೆಯನ್ನು ಹಿಡಿಯುತ್ತವೆ. ಪೆನಾಶ್ಕೋಜಾ ಎಂಬಲ್ಲಿ ಒಂದು ಬಂಡೆಯಿದೆ. ಅಲ್ಲೊಂದು ಹೆಣ್ಣುಕುದುರೆ, ಅದರ ಮೇಲೇರುತ್ತಿರುವ ಗಂಡುಕುದುರೆ. ಗಂಡಿನ ಮೈ ಒಂದೇ, ತಲೆಗಳು ಮೂರು. ಮೂರು ತಲೆಯ ವಿಚಿತ್ರ ಪ್ರಾಣಿ ಎಂದು ತಿಳಿಯಬಾರದು. ಒಂದೇ ತಲೆ ಮೇಲಿನಿಂದ ಕೆಳಕ್ಕೆ ಬಾಗುವ ಮೂರು ಕ್ಷಣಗಳನ್ನು ಕಲಾವಿದ ಒಂದೇ ಕತ್ತಿನ ಮೇಲೆ ಇಟ್ಟಿದ್ದಾನೆ. ಅಥವಾ ಇಟ್ಟಿದ್ದಾಳೆ, ಯಾರು ಬಲ್ಲರು. ಆದರೆ ಇದೆಲ್ಲ ಬಂಡೆಯ ಮುಂದೆ ನಿಂತ ತಕ್ಷಣ ಕಣ್ಣಿಗೆ ಬೀಳುವುದಿಲ್ಲ. ಒಂದರ ಮೇಲೊಂದು ಪ್ರಾಣಿ ಕೆತ್ತಿರುವುದರಿಂದ ಮೊದಲಿಗೆ ಕಾಣುವುದು ಗೀಟುಗಳ ಸಿಕ್ಕು. ಕೂದಲೆಳೆಯಂಥ ಸಣ್ಣ ಗೀರುಗಳಂತೂ ನಡುಹಗಲ ಬಿಸಿಲಲ್ಲಿ ಮಾಯ. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಗೀರಿನ ಅಂಚಿನಲ್ಲಿ ನೆರಳು ಕೂತು ರೂಪ ಏಳುತ್ತದೆ. ಅದಕ್ಕೇ ಕನಾದಾ ದು ಇನ್ಫೆರ್ನು ಎಂಬ ತಾಣಕ್ಕೆ ಬೆಳಗ್ಗೆ ಕರೆದೊಯ್ಯುತ್ತಾರೆ, ಎದುರು ದಂಡೆಯ ಪೆನಾಶ್ಕೋಜಾಕ್ಕೆ ಮಧ್ಯಾಹ್ನದ ಮೇಲೆ. ರಾತ್ರಿ ದೀಪ ಹಿಡಿದು ತೋರಿಸುವುದೂ ಉಂಟು. ಮಾರ್ಗದರ್ಶಿ ಬೆನ್ನಿನ ಗೆರೆಯನ್ನು ಹಿಡಿದು, ಹೊಟ್ಟೆಯ ಗೆರೆಗೆ ಬಂದು, ಕೊಂಬನ್ನು ಗುರುತಿಸಿ ತೋರಿಸಬೇಕು. ನೋಡುವವರು ತಾಳ್ಮೆಯಿಂದ ನಿಲ್ಲಬೇಕು. ಆಗ ಸಿಕ್ಕಿನೊಳಗಿಂದ ಒಂದು ಕಾಡುಮೇಕೆ ಕತ್ತು ಹೊರಳಿಸಿ ನಿಮ್ಮತ್ತ ನೋಡುತ್ತದೆ. ಮಾರ್ಗದರ್ಶಿಯಿಲ್ಲದ ನಡಿಗೆ ಇಲ್ಲಿ ಬರೀ ಕಲ್ಲು ನೋಡಿದ ನಡಿಗೆಯಾಗುತ್ತದೆ.

ಇಷ್ಟು ಹೊತ್ತು ಹೇಳಿದ್ದು ಇದು: ಕಲೆ ಬಯಲಲ್ಲಿದೆ, ಶಿಸ್ಟ್ ಬಂಡೆಯ ಮೇಲಿದೆ, ಅದನ್ನು ಓದಲು ತಾಳ್ಮೆಯೂ ಕಲಿಸುವವರೂ ಬೇಕು. ಈಗ ಅದೇ ಕಲ್ಲಿನ ಇನ್ನೊಂದು ಕೆಲಸವನ್ನು ನೋಡೋಣ. ಡೋರು ಸೀಮೆಯ ಈ ಮೇಲ್ಭಾಗ ಬಹಳ ಒಣ ಪ್ರದೇಶ. ವರ್ಷಕ್ಕೆ ಬೀಳುವ ಮಳೆ ನಮ್ಮ ಬಳ್ಳಾರಿ ಸೀಮೆಗಿಂತಲೂ ಕಡಿಮೆ. ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಮಣ್ಣು ಎನ್ನುವುದು ಹೆಸರಿಗೆ ಮಾತ್ರ, ಕಾಲಿಗೆ ಸಿಗುವುದು ಒಡೆದ ಕಲ್ಲಿನ ಚಕ್ಕೆ. ಗೋಧಿ ಬೆಳೆಯುವವನು ಕೈಬಿಡುವಂಥ ನೆಲ ಇದು. ಆದರೆ ಶಿಸ್ಟಿನ ಪದರಗಳು ಇಲ್ಲಿ ಬಹುಮಟ್ಟಿಗೆ ನೆಟ್ಟಗೆ ನಿಂತಿವೆ. ಪದರಗಳ ನಡುವಿನ ಬಿರುಕುಗಳಲ್ಲಿ ಚಳಿಗಾಲದ ಮಳೆನೀರು ಇಳಿಯುತ್ತದೆ. ದ್ರಾಕ್ಷಿಯ ಬೇರು ಆ ನೀರನ್ನು ಹುಡುಕುತ್ತ ಅದೇ ಬಿರುಕಿನಲ್ಲಿ ಆಳಕ್ಕೆ ಇಳಿಯುತ್ತದೆ. ಹಗಲು ಕಾದ ಕಲ್ಲು ಸಂಜೆಯಾದ ಮೇಲೂ ಬಳ್ಳಿಗೆ ಬಿಸಿ ಕೊಡುತ್ತದೆ. ಹಣ್ಣು ಸಣ್ಣದು, ಸಿಪ್ಪೆ ದಪ್ಪ, ರಸ ಗಾಢ. ಅದೇ ಕಲ್ಲು ನೆಟ್ಟಗೆ ಸೀಳಿದ್ದರಿಂದಲೇ ಕಲಾವಿದರಿಗೆ ನಯವಾದ ಗೋಡೆಗಳು ಸಿಕ್ಕವು. ಗೋಡೆ ನೆಟ್ಟಗಿದ್ದು ಮಳೆ ಕಡಿಮೆಯಿದ್ದುದರಿಂದಲೇ ಗೀರುಗಳು ಇಷ್ಟು ಕಾಲ ಬಾಳಿದವು. ಚಿತ್ರವನ್ನು ಉಳಿಸಿದ್ದೂ ಬಳ್ಳಿಯನ್ನು ಸಾಕಿದ್ದೂ ಒಂದೇ ಭೂರಚನೆ, ಒಂದೇ ಹವೆ.

ಇಲ್ಲಿನ ವೈನಿಗೂ ದೊಡ್ಡ ಚರಿತ್ರೆಯಿದೆ. 1756ರಲ್ಲಿ ಪೋರ್ಚುಗಲ್ಲಿನ ಮಂತ್ರಿ ಮಾರ್ಕಿಸ್ ಆಫ್ ಪೊಂಬಾಲ್ ಡೋರು ವೈನಿಗೆ ಸರ್ಕಾರದ ಕಟ್ಟುಪಾಡು ತಂದ. ಮುಂದೆ ಕಲ್ಲು ನೆಟ್ಟು ಸೀಮೆಯ ಎಲ್ಲೆ ಗುರುತು ಮಾಡಿದರು. ಎಲ್ಲೆ ಕಟ್ಟಿ ಕಾನೂನು ಮಾಡಿದ ಜಗತ್ತಿನ ಅತಿ ಹಳೆಯ ವೈನ್ ಸೀಮೆಗಳಲ್ಲಿ ಇದೂ ಒಂದು. ಪೋರ್ಟ್ ಎಂಬ ಸಿಹಿವೈನ್ ಹುಟ್ಟುವುದು ಇಲ್ಲಿಯೇ. ದ್ರಾಕ್ಷಿಯನ್ನು ಗ್ರಾನೈಟಿನ ಅಗಲವಾದ ತೊಟ್ಟಿಗಳಲ್ಲಿ ಹಾಕಿ ಸಾಲಾಗಿ ನಿಂತು ಕಾಲಿನಿಂದ ತುಳಿಯುವ ಪದ್ಧತಿ ಇನ್ನೂ ಕೆಲವು ಕಡೆ ಜೀವಂತವಾಗಿದೆ. ರಸ ಹುಳಿತು ಸಿಹಿಯೆಲ್ಲ ಮುಗಿಯುವ ಮೊದಲೇ ದ್ರಾಕ್ಷಿಯ ಮದ್ಯಸಾರ ಸೇರಿಸುತ್ತಾರೆ. ಹುಳಿಯುವುದು ನಿಲ್ಲುತ್ತದೆ, ಸಿಹಿ ಉಳಿಯುತ್ತದೆ. ಸಿಹಿಯಲ್ಲದ ವೈನಿಗೂ ಈ ಮೇಲ್ಭಾಗ ಹೆಸರುವಾಸಿ. ಬಾರ್ಕಾ ವೆಲ್ಯಾ ಎಂಬ ಪ್ರಖ್ಯಾತ ವೈನ್ 1952ರಲ್ಲಿ ಮೊದಲು ತಯಾರಾದದ್ದು ಇದೇ ಫೋಜ್ ಕೋವಾ ಆಡಳಿತಕ್ಕೆ ಸೇರಿದ ತೋಟದ ಹಣ್ಣಿನಿಂದ. ತೋಟದಲ್ಲಿ ಕುಳಿತು ರುಚಿ ನೋಡುವಾಗ ಬಂದವರಿಗೆ ಕಲಿಸುವುದು ಕೂಡ ಒಂದು ಬಗೆಯ ಓದು. ಮೊದಲು ಬಣ್ಣ ನೋಡಿ, ಆಮೇಲೆ ವಾಸನೆ, ಆಮೇಲೆ ಒಂದು ಗುಟುಕು, ನಾಲಗೆಯ ಮೇಲೆ ಸ್ವಲ್ಪ ಹೊತ್ತು. ತೂರಿಗಾ ನಾಸ್ಯುನಾಲ್, ತೂರಿಗಾ ಫ್ರಾಂಕಾ, ತಿಂತಾ ರೊರೀಜ್ ಎಂಬ ತಳಿಗಳ ವ್ಯತ್ಯಾಸ ಆತುರಗಾರರಿಗೆ ತಿಳಿಯುವುದಿಲ್ಲ. ಬಂಡೆಯ ಮುಂದೆ ಕಣ್ಣು ಪಡೆದ ಶಿಸ್ತನ್ನೇ ಇಲ್ಲಿ ಮೂಗು, ನಾಲಗೆ ಪಡೆಯುತ್ತವೆ.

ಕಲ್ಲು ಒಂದೇ ಎಂಬುದು ಆಯಿತು. ಆದರೆ ಕಲ್ಲು ಒಂದೇ ಆದ ಮಾತ್ರಕ್ಕೆ ನನ್ನ ವಾದ ಗೆಲ್ಲುವುದಿಲ್ಲ. ಕಲೆ ಉಳಿಯಲು ಸುತ್ತಲ ಬದುಕು ಬೇಕು ಎಂದೆನಲ್ಲ, ಅದಕ್ಕೆ ಸಾಕ್ಷಿ ಬೇಕು. ಸಾಕ್ಷಿ 1990ರ ದಶಕದಲ್ಲಿದೆ. ಆಗ ಕೋವಾ ನದಿಗೆ ಅಡ್ಡಲಾಗಿ, ಸಂಗಮದ ಸಮೀಪ, ನೂರು ಮೀಟರಿಗೂ ಎತ್ತರದ ಅಣೆಕಟ್ಟಿನ ಕೆಲಸ ನಡೆದಿತ್ತು. ವಿದ್ಯುತ್ತಿಗಾಗಿ, ನೀರಿನ ಸಂಗ್ರಹಕ್ಕಾಗಿ. ಮುಳುಗಡೆಯಾಗಲಿದ್ದ ಜಾಗವನ್ನು ಪರಿಶೀಲಿಸುವ ಕೆಲಸದಲ್ಲಿದ್ದ ಪುರಾತತ್ವಜ್ಞ ನೆಲ್ಸನ್ ರೆಬಾಂಡಾ ಕನಾದಾ ದು ಇನ್ಫೆರ್ನುವಿನ ಕೆತ್ತನೆಗಳನ್ನು ಗುರುತಿಸಿದರು. ಸುದ್ದಿ ದೇಶಕ್ಕೆಲ್ಲ ತಿಳಿದದ್ದು 1994ರ ನವೆಂಬರಿನಲ್ಲಿ. ಆಮೇಲೆ ಎದ್ದದ್ದು ದೊಡ್ಡ ಬಿರುಗಾಳಿ. ವಿದ್ವಾಂಸರು, ಪತ್ರಕರ್ತರು, ಹೊರದೇಶದ ಪುರಾತತ್ವಜ್ಞರು ಒಂದೆಡೆ ಸೇರಿದರು. ಫೋಜ್ ಕೋವಾದ ಶಾಲೆಯ ಮಕ್ಕಳು ಬೀದಿಗಿಳಿದರು. ಕೆತ್ತನೆಗಳಿಗೆ ಈಜು ಬಾರದು ಎಂಬ ಘೋಷಣೆ ದೇಶದ ಬಾಯಲ್ಲಿ ನಿಂತಿತು. ಇನ್ನೊಂದು ಕಡೆಯಿಂದ ಮೂರು ಬಗೆಯ ಉತ್ತರ ಬಂತು. ನೀರಿನಡಿಯಲ್ಲಿದ್ದರೆ ಕೆತ್ತನೆಗಳು ಇನ್ನೂ ಸುರಕ್ಷಿತ ಎಂದರು. ಬಂಡೆಗಳನ್ನು ಕತ್ತರಿಸಿ ಬೇರೆಡೆಗೆ ಸಾಗಿಸಬಹುದು ಎಂದರು. ಈ ಚಿತ್ರಗಳು ಅಷ್ಟೇನೂ ಹಳೆಯವಲ್ಲ ಎಂದರು. ಮೂರನೆಯ ಮಾತಿಗೆ ಕೆಲವು ಪ್ರಯೋಗಾಲಯದ ಲೆಕ್ಕಗಳೂ ಜೊತೆಗಿದ್ದವು.

ಈ ವಿವಾದಕ್ಕೆ ಉತ್ತರ ಸಿಕ್ಕ ಬಗೆ ಬಹಳ ಮುಖ್ಯ. 1995ರ ಅಕ್ಟೋಬರಿನಲ್ಲಿ ಪೋರ್ಚುಗಲ್ಲಿನಲ್ಲಿ ಚುನಾವಣೆಯಾಯಿತು. ಮುಂದೆ ವಿಶ್ವಸಂಸ್ಥೆಯ ಮಹಾಪ್ರಧಾನ ಕಾರ್ಯದರ್ಶಿಯಾದ ಆಂಟೋನಿಯೊ ಗುಟೆರೆಸ್ ಆಗ ಪ್ರಧಾನಿಯಾದರು. ಅವರ ಸರ್ಕಾರ ಅಣೆಕಟ್ಟನ್ನು ನಿಲ್ಲಿಸಿತು. 1996ರಲ್ಲಿ ಪುರಾತತ್ವ ಉದ್ಯಾನ ಶುರುವಾಯಿತು. 1998ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಕೆತ್ತನೆಗಳ ವಯಸ್ಸಿನ ಪ್ರಶ್ನೆ ಮಾತ್ರ 1999ರವರೆಗೆ ಕಾಯಬೇಕಾಯಿತು. ಡೋರು ನದಿಯ ಪೊಸಿನ್ಯು ಎಂಬಲ್ಲಿ 1980ರ ದಶಕದಿಂದ ಒಂದು ಅಣೆಕಟ್ಟಿದೆ. ಅದರ ಹಿನ್ನೀರು ಕೋವಾದ ಕೊನೆಯ ಭಾಗಕ್ಕೂ ನುಗ್ಗಿ ಕೆಲವು ಕೆತ್ತನೆಗಳನ್ನು ಆಗಲೇ ಮುಳುಗಿಸಿತ್ತು. ಆ ನೀರನ್ನು ಇಳಿಸಿದಾಗ ಫಾರಿಸೇವುವಿನಲ್ಲಿ ಒಂದು ಬಂಡೆ ಕಂಡಿತು. ಕೆತ್ತನೆಯ ಮೇಲೆ ಹಿಮಯುಗದ ಮನುಷ್ಯರು ಬಿಟ್ಟುಹೋದ ಕಲ್ಲಿನ ಉಪಕರಣಗಳಿದ್ದ ಮಣ್ಣಿನ ಪದರಗಳು ಕೂತಿದ್ದವು. ಮೇಲಿನ ಪದರ ಹಿಮಯುಗದ್ದಾದರೆ ಅದರಡಿಯ ಕೆತ್ತನೆ ಅದಕ್ಕಿಂತ ಹಳೆಯದೇ ಆಗಿರಬೇಕು. ಇದಕ್ಕಿಂತ ಸರಳವಾದ, ಗಟ್ಟಿಯಾದ ತರ್ಕ ಇನ್ನೊಂದಿಲ್ಲ. ಗಮನಿಸಿ, ಬಂಡೆಗಳನ್ನು ಕತ್ತರಿಸಿ ಸಾಗಿಸಿದ್ದರೆ ಈ ಸಾಕ್ಷಿ ಎಂದೂ ಸಿಗುತ್ತಿರಲಿಲ್ಲ. ವಯಸ್ಸು ಹೇಳಿದ್ದು ಬಂಡೆಯೊಂದೇ ಅಲ್ಲ, ಅದು ನಿಂತ ನೆಲ. ಇನ್ನು ದ್ರಾಕ್ಷಿಯ ಕಡೆಗೆ ಬನ್ನಿ. ಮುಳುಗಬೇಕಾಗಿದ್ದ ಆ ಕಣಿವೆಯಲ್ಲೇ ಎರ್ವಾಮೊಯ್ರಾ ಎಂಬ ತೋಟವಿದೆ. ರಾಮುಶ್ ಪಿಂಟು ಎಂಬ ಹಳೆಯ ವೈನ್ ಮನೆತನ 1974ರಲ್ಲಿ ಕೊಂಡ ತೋಟ. ಡೋರುವಿನ ಕಡಿದಾದ ಗುಡ್ಡಗಳಲ್ಲಿ ಕಲ್ಲಿನ ಕಟ್ಟೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಬಳ್ಳಿ ನೆಡುವುದು ರೂಢಿ. ಇಲ್ಲಿ ಇಳಿಜಾರು ಸೌಮ್ಯ. ಹಾಗಾಗಿ ಮೇಲಿಂದ ಕೆಳಕ್ಕೆ ನೇರ ಸಾಲುಗಳಲ್ಲಿ, ತಳಿಗೊಂದು ಪಾತಿಯಂತೆ ನೆಟ್ಟರು. ಇಡೀ ಸೀಮೆಗೆ ಹೊಸ ದಾರಿ ತೋರಿದ ಪ್ರಯೋಗ ಇದು. ಅಣೆಕಟ್ಟು ಎದ್ದಿದ್ದರೆ ಈ ತೋಟವೂ ನೀರಿನಡಿಗೆ ಹೋಗುತ್ತಿತ್ತು. ಕೆತ್ತನೆ ಉಳಿದದ್ದರಿಂದ ಬಳ್ಳಿ ಉಳಿಯಿತು. ಇವತ್ತು ಆ ತೋಟದಲ್ಲಿ ಕಣಿವೆಯ ಚರಿತ್ರೆ ಹೇಳುವ ಸಣ್ಣ ವಸ್ತುಸಂಗ್ರಹಾಲಯವಿದೆ. ಅಲ್ಲಿಯೇ ವೈನಿನ ರುಚಿಯನ್ನೂ ತೋರಿಸುತ್ತಾರೆ. ಇದನ್ನು ಹೊರಗಿನಿಂದ ತಂದು ಹಾಕಿದ ಗಂಟು ಎನ್ನಲು ನನಗೆ ಮನಸ್ಸು ಬಾರದು.

ಈವರೆಗೆ ಮೂರು ಸಂಗತಿ ಬಂದವು. ಕಲ್ಲು ಒಂದು, ಕಲಿಯುವ ತಾಳ್ಮೆ ಒಂದು, ಮುಳುಗಡೆಯಿಂದ ಪಾರಾದ ಕಥೆಯೂ ಒಂದು. ಇನ್ನು ಆಕ್ಷೇಪಗಳಿಗೆ ಬರುತ್ತೇನೆ. ಎಲ್ಲಕ್ಕಿಂತ ಭಾರವಾದದ್ದು ಅಣೆಕಟ್ಟಿನ ಪರವಾದದ್ದು. ವಿದ್ಯುತ್ತು ಎಲ್ಲರಿಗೂ ಬೇಕು. ಬಡ ಸೀಮೆಯೊಂದಕ್ಕೆ ಬಂದಿದ್ದ ದೊಡ್ಡ ಕಾಮಗಾರಿಯನ್ನು ಚಿತ್ರಗಳಿಗಾಗಿ ಬಿಟ್ಟುಕೊಟ್ಟದ್ದು ನ್ಯಾಯವೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಯಾಕೆಂದರೆ ಕೋವಾ ಕೊಡಬೇಕಾಗಿದ್ದ ಬೆಲೆಯನ್ನು ಕೊನೆಗೆ ಇನ್ನೊಂದು ನದಿ ಕೊಟ್ಟಿತು. ಡೋರುವಿನ ಮತ್ತೊಂದು ಉಪನದಿ ಸಾಬೋರ್. ಕಟ್ಟೆಯಿಲ್ಲದೆ ಹರಿಯುತ್ತಿದ್ದ ಕೆಲವೇ ಪೋರ್ಚುಗೀಸ್ ನದಿಗಳಲ್ಲಿ ಅದೂ ಒಂದಾಗಿತ್ತು. ಕೋವಾಕ್ಕೆ ಬದಲಾಗಿ ಅದನ್ನು ಆರಿಸಿಕೊಂಡರು. ಪರಿಸರವಾದಿಗಳ ವಿರೋಧದ ನಡುವೆಯೇ 2010ರ ದಶಕದಲ್ಲಿ ಅಲ್ಲಿ ಅಣೆಕಟ್ಟು ಎದ್ದಿತು. ಆದ್ದರಿಂದ ಕೋವಾದ ಗೆಲುವನ್ನು ಕಲೆಯ ನಿಷ್ಕಳಂಕ ಗೆಲುವು ಎಂದು ಹಾಡಿಹೊಗಳುವವರು ಅರ್ಧ ಕಥೆ ಹೇಳುತ್ತಾರೆ. ಆದರೂ ಆಯ್ಕೆ ಸರಿ ಎಂದೇ ನನ್ನ ಅಭಿಪ್ರಾಯ. ವಿದ್ಯುತ್ತನ್ನು ಬೇರೆ ಕಡೆ, ಬೇರೆ ಬಗೆಯಲ್ಲಿ ಮಾಡಲು ಸಾಧ್ಯ. ಇಪ್ಪತ್ತು ಸಾವಿರ ವರ್ಷದ ಹಿಂದೆ ಒಬ್ಬ ಮನುಷ್ಯ ಆರಿಸಿಕೊಂಡ ಬಂಡೆಯನ್ನು, ಆ ಬಂಡೆ ನೋಡುತ್ತಿರುವ ನದಿಯನ್ನು ಮತ್ತೆ ಮಾಡಲು ಸಾಧ್ಯವಿಲ್ಲ. ಆಯ್ಕೆ ಸರಿಯಾದಷ್ಟೂ ಅದನ್ನು ನಂಬಿದ ಊರಿನವರಿಗೆ ಬದುಕು ಕಟ್ಟಿಕೊಡುವ ಹೊಣೆ ಹೆಚ್ಚಾಗುತ್ತದೆ.

ಎರಡನೆಯ ಆಕ್ಷೇಪ ವೈನನ್ನೇ ಕುರಿತದ್ದು. ಗೌರವದಿಂದ ನೋಡಬೇಕಾದ ಕಲೆಯ ಪಕ್ಕ ಮದ್ಯವನ್ನು ಇಡುವುದು ಸರಿಯೇ? ನಮ್ಮಲ್ಲಿ ಅನೇಕರಿಗೆ ಇದು ನಿಜವಾದ ಅಳುಕು. ಅದನ್ನು ನಾನು ಗೌರವಿಸುತ್ತೇನೆ. ನನ್ನ ವಾದ ನಿಂತಿರುವುದು ಕುಡಿತದ ಮೇಲಲ್ಲ, ಬೇಸಾಯದ ಮೇಲೆ. ಕುಡಿಯದವರಿಗೂ ತೋಟ ತೆರೆದಿದೆ. ಈ ಕಣಿವೆಯ ಬಾದಾಮಿ, ಆಲಿವ್ ಎಣ್ಣೆ ಎರಡೂ ಹೆಸರಾದವು. ವಸಂತದ ಹೊಸ್ತಿಲಲ್ಲಿ ಬಾದಾಮಿ ಹೂಬಿಟ್ಟಾಗ ಫೋಜ್ ಕೋವಾದಲ್ಲಿ ಹಬ್ಬವೇ ನಡೆಯುತ್ತದೆ. ರುಚಿ ನೋಡುವಾಗಲೂ ಗುಟುಕು ನುಂಗದೆ ಉಗಿಯುವುದು ವೃತ್ತಿಯವರ ರೂಢಿ. ಆದರೆ ಒಂದು ವಿಷಯದಲ್ಲಿ ಆಕ್ಷೇಪಕಾರರ ಪರವಾಗಿ ನಾನು ನಿಲ್ಲುತ್ತೇನೆ. ಕೆತ್ತನೆಯ ಜನರಿಗೂ ವೈನಿಗೂ ಪುರಾತನ ನಂಟು ಕಲ್ಪಿಸುವ ಮಾತುಗಳನ್ನು ಮಾರ್ಗದರ್ಶಿಗಳು ಆಡಬಾರದು. ಕಾಡುಗೂಳಿಯನ್ನು ಕೆತ್ತಿದವರು ಬೇಟೆಗಾರರು. ಅವರು ಬಳ್ಳಿ ನೆಡಲಿಲ್ಲ. ಇವತ್ತಿನ ರೈತ ಅವರ ಮೊಮ್ಮಗನೂ ಅಲ್ಲ. ನಂಟು ಇರುವುದು ಕಲ್ಲಿನಲ್ಲಿ, ಮತ್ತು ಆ ಕಲ್ಲಿನ ನಡುವೆ ಮನೆ ಮಾಡಿಕೊಂಡವರು ಹೊತ್ತಿರುವ ಹೊಣೆಯಲ್ಲಿ. ಈ ಕಣಿವೆಯ ಬಂಡೆಗಳ ಮೇಲೆ ಹಿಮಯುಗದ ಪ್ರಾಣಿಗಳಷ್ಟೇ ಇಲ್ಲ. ಕಬ್ಬಿಣಯುಗದ ಕುದುರೆಸವಾರ ಯೋಧರಿದ್ದಾರೆ. ಈಚಿನ ಶತಮಾನಗಳ ಶಿಲುಬೆಗಳಿವೆ. ಇಪ್ಪತ್ತನೆಯ ಶತಮಾನದ ನಡುವಿನವರೆಗೂ ನದಿದಂಡೆಯಲ್ಲಿ ಹಿಟ್ಟು ಬೀಸುತ್ತಿದ್ದ ಗಿರಣಿಯವರು ದೋಣಿ, ರೈಲು, ಮೀನುಗಳನ್ನು ಕೆತ್ತಿದ್ದಾರೆ. ದುಡಿಯುವ ಜನ ಇದ್ದಷ್ಟು ಕಾಲ ಕಲ್ಲು ಒಂಟಿಯಾಗಿರಲಿಲ್ಲ.

ಎರಡು ಆಕ್ಷೇಪಗಳಾದವು: ವಿದ್ಯುತ್ತಿನದು, ಮದ್ಯದ್ದು. ಮೂರನೆಯದು ಜನಸಂದಣಿಯದು. ಜನ ಬಂದರೆ ಕಲೆ ಹಾಳಾಗುತ್ತದೆ ಎನ್ನುತ್ತಾರೆ. ಇದಕ್ಕೆ ಲಾಸ್ಕೋ ಗುಹೆಯೇ ಪುರಾವೆ. 1940ರಲ್ಲಿ ಸಿಕ್ಕ ಗುಹೆ 1948ರಲ್ಲಿ ಜನರಿಗೆ ತೆರೆಯಿತು. ನೋಡಲು ಬಂದವರ ಉಸಿರಿನಿಂದ, ದೀಪದ ಬೆಳಕಿನಿಂದ ಗೋಡೆಯ ಮೇಲೆ ಪಾಚಿ ಬೆಳೆಯಿತು. 1963ರಲ್ಲಿ ಮುಚ್ಚಿದರು. ಈಗ ಜನ ನೋಡುವುದು ಪ್ರತಿಕೃತಿಯನ್ನು. ಕೋವಾದಲ್ಲಿ ಉಸಿರಿನ ಭಯವಿಲ್ಲ, ಗಾಳಿ ಬಯಲಿನದು. ಭಯ ಇರುವುದು ಕೈಯಿಂದ. 2017ರಲ್ಲಿ ರಿಬೈರಾ ದ ಪಿಶ್ಕುಶ್ ಎಂಬಲ್ಲಿ ಹಿಮಯುಗದ ಅಪರೂಪದ ಮನುಷ್ಯಾಕೃತಿಯಿರುವ ಬಂಡೆಯ ಮೇಲೆ ಯಾರೋ ಬೈಸಿಕಲ್ಲಿನ ಚಿತ್ರ ಗೀಚಿದರು. ಇದನ್ನು ಕೇಳಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದರೆ ಇಂಥ ಕೃತ್ಯ ನಡೆಯುವುದು ನೋಡುವ ಕಣ್ಣು ಇಲ್ಲದ ಹೊತ್ತಿನಲ್ಲಿ. ಹದಿನೇಳು ಕಿಲೋಮೀಟರ್ ಕಣಿವೆಗೆ ಬೇಲಿ ಹಾಕಲು ಯಾವ ಸರ್ಕಾರಕ್ಕೂ ಆಗದು. ಬೇಲಿ ಹಾಕಿದರೂ ಹಾರುವವನಿಗೆ ಅದು ಅಡ್ಡಿಯಲ್ಲ. ಆಗುವುದು ಇಷ್ಟು. ಏಳೆಂಟು ಜನರ ಸಣ್ಣ ಗುಂಪು, ಉದ್ಯಾನದ ವಾಹನದಲ್ಲೇ ಪ್ರಯಾಣ, ಜೊತೆಗೆ ತರಬೇತಾದ ಮಾರ್ಗದರ್ಶಿ. ಮತ್ತೆ ಇಳಿಜಾರಿನಲ್ಲಿ ಬಳ್ಳಿ ಸವರುವ, ಆಲಿವ್ ಉದುರಿಸುವ ಜನ. ಬಳ್ಳಿ ಬಿಟ್ಟು ಜನ ಗುಳೆ ಹೋದ ಕಣಿವೆಯಲ್ಲಿ ಕಾವಲಿಗೆ ಉಳಿಯುವುದು ಪೊದೆ ಮತ್ತು ಕಾಡ್ಗಿಚ್ಚು. ಹಾಗೆಂದು ದ್ರಾಕ್ಷಿ ಬೆಳೆಗಾರನ ಕೈಯೆಲ್ಲ ಶುದ್ಧ ಎಂದಲ್ಲ. ಹೊಸ ತೋಟಕ್ಕೆ ದೊಡ್ಡ ಯಂತ್ರದಿಂದ ಇಳಿಜಾರನ್ನು ಆಳಕ್ಕೆ ಬಗೆದರೆ ಹಳೆಯ ನೆಲೆಗಳು ಕ್ಷಣದಲ್ಲಿ ಪುಡಿಯಾಗುತ್ತವೆ. ಎಲ್ಲಿ ನೆಡಬಹುದು, ಎಲ್ಲಿ ನೆಡಕೂಡದು ಎಂಬ ಕಟ್ಟುನಿಟ್ಟು ಬೇಕೇ ಬೇಕು. ತನ್ನ ಶೀಸೆಯ ಬೆಲೆಯ ಒಂದು ಪಾಲು ಆ ಬಂಡೆಗಳಿಂದ ಬರುತ್ತದೆ ಎಂದು ತಿಳಿದ ಬೆಳೆಗಾರ ಆ ಕಟ್ಟುನಿಟ್ಟಿಗೆ ಒಪ್ಪುವುದು ಸುಲಭ.

ಕೊನೆಯ ಆಕ್ಷೇಪ ಲೆಕ್ಕದ್ದು. ಇಷ್ಟೆಲ್ಲ ಮಾಡಿ ಊರು ಉದ್ಧಾರವಾಯಿತೇ? ಆಗಲಿಲ್ಲ. ಮೊದಲಿಗೆ ನಿರೀಕ್ಷಿಸಿದಷ್ಟು ಪ್ರವಾಸಿಗಳು ಬರಲಿಲ್ಲ. ಕೆತ್ತನೆಗಳಿಗಾಗಿ ಬೆಟ್ಟದ ಮೇಲೆ ಕಟ್ಟಿದ ದೊಡ್ಡ ವಸ್ತುಸಂಗ್ರಹಾಲಯ ತೆರೆಯಲು 2010ರವರೆಗೆ ಕಾಯಬೇಕಾಯಿತು. ಫೋಜ್ ಕೋವಾ ಆಡಳಿತದ ಜನಸಂಖ್ಯೆ 2011ರಲ್ಲಿ 7 ಸಾವಿರದ ಮೇಲಿತ್ತು, 2021ರಲ್ಲಿ 6 ಸಾವಿರದ ಚಿಲ್ಲರೆಗೆ ಇಳಿಯಿತು. ಪೋರ್ಚುಗಲ್ಲಿನ ಬಹುಪಾಲು ಒಳನಾಡು ಊರುಗಳ ಪಾಡು ಇದು. ಪ್ರವಾಸೋದ್ಯಮವೊಂದೇ ಊರನ್ನು ಎತ್ತಿ ನಿಲ್ಲಿಸುತ್ತದೆ ಎಂದು ನಂಬಿದವರಿಗೆ ಕೋವಾ ಪಾಠ ಕಲಿಸಿದೆ. ಆದರೆ ಇದರಿಂದ ನನ್ನ ವಾದ ಬೀಳುವುದಿಲ್ಲ, ಇನ್ನಷ್ಟು ಬಲವಾಗುತ್ತದೆ. ಟಿಕೆಟ್ಟಿನ ಹಣದಿಂದ ಒಂದು ಸೀಮೆ ಬದುಕಲಾರದು. ಬೇಸಾಯ ಬೇಕು. ಬೇಸಾಯಕ್ಕೆ ಬೆಲೆ ಬೇಕು. ಒಣನೆಲದಲ್ಲಿ ಎಕರೆಗೆ ಸ್ವಲ್ಪವೇ ಹಣ್ಣು ಕೊಡುವ ಬಳ್ಳಿಗೆ ಬೆಲೆ ಬರುವುದು ಅದು ಎಲ್ಲಿಯದು ಎಂದು ಗಿರಾಕಿಗೆ ಗೊತ್ತಿದ್ದಾಗ. ಬೆಳಗ್ಗೆ ಬಂಡೆಗಳ ನಡುವೆ ನಡೆದು, ಸಂಜೆ ಆ ನೆಲದ ವೈನ್ ಕೊಂಡವನಿಗೆ ಅದು ಎಲ್ಲಿಯದು ಎಂದು ಗೊತ್ತಿರುತ್ತದೆ. ಅವನು ಕೊಟ್ಟ ಹಣ ಲಿಸ್ಬನ್ನಿನ ಹೋಟೆಲಿಗೆ ಹೋಗದೆ ಕಣಿವೆಯಲ್ಲೇ ಇಳಿಯುತ್ತದೆ.

ಕೇಳುಗರೇ, ಇಷ್ಟು ದೂರದ ಕಥೆ ನಮಗೆ ಯಾಕೆ ಎಂದರೆ, ನಮ್ಮಲ್ಲೂ ಬಯಲ ಬಂಡೆಯ ಮೇಲೆ ಗೂಳಿಗಳಿವೆ. ಬಳ್ಳಾರಿಯ ಪಕ್ಕದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ಗ್ರಾನೈಟನ್ನು ಸೀಳಿಕೊಂಡು ಎದ್ದ ಕಪ್ಪುಕಲ್ಲಿನ ಸಾಲಿದೆ. ಅದರ ಮೇಲೆ ನವಶಿಲಾಯುಗದ ದನಗಾಹಿಗಳು ಉದ್ದ ಕೊಂಬಿನ ದನಗಳನ್ನು ಕುಟ್ಟಿ ಮೂಡಿಸಿದ್ದಾರೆ. ತಟ್ಟಿದರೆ ಗಂಟೆಯಂತೆ ದನಿಗೊಡುವ ಬಂಡೆಗಳೂ ಅಲ್ಲಿವೆ. ಹತ್ತೊಂಬತ್ತನೆಯ ಶತಮಾನದಲ್ಲೇ ವಿದ್ವಾಂಸರ ಕಣ್ಣಿಗೆ ಬಿದ್ದ ಈ ಗುಡ್ಡಗಳನ್ನು ನಮ್ಮ ಕಾಲದಲ್ಲಿ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಮತ್ತು ಅವರ ಜೊತೆಗಾರರು ಎಚ್ಚರದಿಂದ ದಾಖಲಿಸಿದರು. ಬಳ್ಳಾರಿಯಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯವೂ ಇದೆ. ಆದರೆ ಆ ಗುಡ್ಡಗಳಿಗಿರುವ ಅಪಾಯ ನೀರಿನದಲ್ಲ, ಕಲ್ಲು ಒಡೆಯುವ ಕ್ವಾರಿಯದು. ಅಲ್ಲಿಗೆ ವೈನ್ ತನ್ನಿ ಎಂದು ನಾನು ಹೇಳುತ್ತಿಲ್ಲ. ಆ ಸೀಮೆಗೆ ಅದರದೇ ಜೋಳವಿದೆ, ಕುರಿಯಿದೆ, ಕಂಬಳಿಯಿದೆ. ಗುಡ್ಡ ಒಡೆದರೆ ಸಿಗುವ ಕೂಲಿಗಿಂತ ಗುಡ್ಡ ಉಳಿದರೆ ಸಿಗುವ ಸಂಪಾದನೆ ಹೆಚ್ಚು ಎಂಬ ಲೆಕ್ಕ ಆ ಊರಿನ ಮನೆಗಳಲ್ಲಿ ಕೂಡಿಬರಬೇಕು. ಊರಿನ ಹುಡುಗ ಹುಡುಗಿಯರೇ ಮಾರ್ಗದರ್ಶಿಗಳಾಗಿ, ನಡಿಗೆ ಮುಗಿಸಿದವರು ಅದೇ ಊರಿನ ಮನೆಯಲ್ಲಿ ರೊಟ್ಟಿ ಊಟ ಮಾಡಿ ಹಣ ಕೊಡುವ ಏರ್ಪಾಡು ಮಾಡಲು ಅಣೆಕಟ್ಟಿನಷ್ಟು ಬಂಡವಾಳ ಬೇಡ.

ಪೋರ್ಚುಗಲ್ಲಿಗೆ ಹೋಗುವ ಅವಕಾಶವಿರುವ ಕನ್ನಡಿಗರಿಗೆ, ಅಲ್ಲಿಯೇ ನೆಲೆಸಿದವರಿಗೆ, ಎರಡು ಮಾತು. ಪೋರ್ತು ನಗರದಿಂದ ಡೋರು ನದಿಯ ದಡದಗುಂಟ ಪೊಸಿನ್ಯುವರೆಗೆ ರೈಲಿದೆ. ಮೂರು, ಮೂರೂವರೆ ಗಂಟೆಯ ಹಾದಿ. ಅಲ್ಲಿಂದ ಫೋಜ್ ಕೋವಾ ಹತ್ತಿರ. ಗುಂಪುಗಳು ಸಣ್ಣವಾದ್ದರಿಂದ ಜಾಗವನ್ನು ಮುಂಚಿತವಾಗಿ ಕಾದಿರಿಸಬೇಕು. ಒಂದೇ ತಾಣ ನೋಡಲು ಬಿಡುವಿದ್ದರೆ ಮಧ್ಯಾಹ್ನದ ಪೆನಾಶ್ಕೋಜಾ ಆರಿಸಿಕೊಳ್ಳಿ. ಕಾಲಲ್ಲಿ ಶಕ್ತಿ, ಕೈಯಲ್ಲಿ ಇನ್ನೊಂದು ದಿನ ಇದ್ದರೆ ಪಿಶ್ಕುಶ್ ತೊರೆಯ ದಾರಿ ಹಿಡಿಯಿರಿ. ಮುಶಾಗಾತಾ ಎಂಬ ಊರಿನಿಂದ ಹೊರಡುವ ಆ ನಡಿಗೆ ಉಳಿದವುಗಳಿಗಿಂತ ಉದ್ದ. ಎರ್ವಾಮೊಯ್ರಾ ತೋಟಕ್ಕೂ ಅದೇ ಊರಿನಿಂದ ದಾರಿಯಿದೆ. ತೋಟದವರಿಗೆ ಮೊದಲೇ ತಿಳಿಸಿರಬೇಕು. ನಡಿಗೆ ಮೊದಲು, ರುಚಿ ಆಮೇಲೆ. ಕಲ್ಲಿನ ದಾರಿ ಜಾರುತ್ತದೆ, ಕಣ್ಣು ಚುರುಕಾಗಿರಬೇಕು. ಜುಲೈ, ಆಗಸ್ಟ್ ತಿಂಗಳ ಬಿಸಿಲು ಕಠಿಣ. ಟೋಪಿ, ನೀರು, ಹಿಡಿತವಿರುವ ಬೂಟು ಮರೆಯಬೇಡಿ.